ನಾಟಿ ಮೊಟ್ಟೆಯ ಗಾತ್ರಕ್ಕೂ ಗುಣಕ್ಕೂ ಏನು ನಂಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ ಇಪ್ಪತ್ತೆರಡು ನಾಟಿ ಹೇಂಟೆಗಳಿವೆ. ವಾರಕ್ಕೊಮ್ಮೆ ಸಂತೆಗೆ ಮೊಟ್ಟೆ ಒಯ್ಯುತ್ತೇನೆ. ಕಳೆದ ವರ್ಷ ನನ್ನ ಮಗ ಹತ್ತು ಸ್ವರ್ಣಧಾರಾ ಮರಿಗಳನ್ನು ತಂದು ಇವುಗಳ ಜೊತೆಗೇ ಬಿಟ್ಟ. ಅವೂ ಇದೇ ತಿಪ್ಪೆಯನ್ನು ಕೆದಕಿ, ಇದೇ ರಾಗಿ ನುಚ್ಚು ತಿಂದು ಬೆಳೆದು ಈಗ ಮೊಟ್ಟೆ ಇಡುತ್ತಿವೆ. ಮೊಟ್ಟೆ ಮಾತ್ರ ನಾಟಿಯದಕ್ಕಿಂತ ದಪ್ಪ. ಸಂತೆಯಲ್ಲಿ ಗಿರಾಕಿಗಳು ಬುಟ್ಟಿಗೆ ಕೈಹಾಕಿ ಚಿಕ್ಕವನ್ನೇ ಆರಿಸಿಕೊಂಡು, ದಪ್ಪನೆಯವನ್ನು ‘ಇದು ಫಾರಂದು, ಸತ್ವ ಇಲ್ಲ’ ಎಂದು ಬಿಟ್ಟುಹೋಗುತ್ತಾರೆ. ಒಂದೇ ಅಂಗಳ, ಒಂದೇ ಮೇವು. ಹಾಗಿರುವಾಗ ಮೊಟ್ಟೆ ಚಿಕ್ಕದಾದಷ್ಟೂ ಗುಣ ಹೆಚ್ಚು ಎಂಬ ಮಾತು ನಿಜವೇ?
ಓದುಗರು, ಸಿರಾ ತಾಲ್ಲೂಕು

ಉತ್ತರ: ಗಿರಾಕಿಗಳು ಚಿಕ್ಕದನ್ನು ಆರಿಸುವುದಕ್ಕೆ ಕಾರಣವಿಲ್ಲದೆ ಇಲ್ಲ. ನಮ್ಮ ನಾಟಿ ಕೋಳಿಯ ಮೊಟ್ಟೆ ಸಾಮಾನ್ಯವಾಗಿ 35ರಿಂದ 45 ಗ್ರಾಂ ತೂಗುತ್ತದೆ. ಪಂಜರದಲ್ಲಿ ಸಾಕುವ ಫಾರಂ ಕೋಳಿಯದು 50ರಿಂದ 60 ಗ್ರಾಂ. ಸಂತೆಯಲ್ಲಿ ತಕ್ಕಡಿ ಇಲ್ಲದೆ, ಕೋಳಿಯನ್ನು ಕಾಣದೆ ಕೊಳ್ಳುವವರಿಗೆ ಕಣ್ಣಳತೆಯೊಂದೇ ದಾರಿಯಾದ್ದರಿಂದ, ಚಿಕ್ಕದೆಂದರೆ ನಾಟಿ ಎಂಬ ಗುರುತು ನೆಲೆಯೂರಿದೆ. ತೊಂದರೆ ಶುರುವಾಗುವುದು ಆ ಗುರುತನ್ನೇ ಗುಣವೆಂದು ತಿಳಿದಾಗ. ನಿಮ್ಮ ಅಂಗಳದ ಉದಾಹರಣೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ: ಮೇವು, ನೀರು, ಬಿಸಿಲು, ಓಡಾಟ ಎಲ್ಲವೂ ಒಂದೇ ಆಗಿದ್ದು, ತಳಿ ಮಾತ್ರ ಬೇರೆಯಾದ ಎರಡು ಗುಂಪುಗಳು ನಿಮ್ಮಲ್ಲಿವೆ. ಸ್ವರ್ಣಧಾರಾ ನಮ್ಮ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಹಿತ್ತಲ ಸಾಕಣೆಗೆಂದೇ ಬೆಳೆಸಿ 2005ರಲ್ಲಿ ಬಿಡುಗಡೆ ಮಾಡಿದ ತಳಿ. ಅದಕ್ಕೂ ಹಿಂದೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದಲೇ ಬಂದ ಗಿರಿರಾಜ ನಿಮಗೆ ಗೊತ್ತಿರುತ್ತದೆ. ಈ ತಳಿಗಳ ಮೊಟ್ಟೆ 50 ಗ್ರಾಂ ದಾಟುವುದು ಅವುಗಳ ಹುಟ್ಟುಗುಣ. ದಪ್ಪ ಮೊಟ್ಟೆ ಕಂಡೊಡನೆ ಅದು ಪಂಜರದಿಂದ ಬಂದಿದೆ ಎಂದು ಹೇಳುವಂತಿಲ್ಲ.

ಇನ್ನು ಗುಣದ ವಿಚಾರ. ಮೊಟ್ಟೆಯ ಗುಣ ಎಂಬುದು ಒಂದು ವಸ್ತುವಲ್ಲ. ಚಿಪ್ಪಿನ ಗಟ್ಟಿತನ, ಬಿಳಿ ಲೋಳೆಯ ಬಿಗಿ, ಹಳದಿಯ ಪಾಲು, ತಾಜಾತನ, ಪೋಷಕಾಂಶ ಹೀಗೆ ಅದಕ್ಕೆ ಹಲವು ಮುಖಗಳಿವೆ, ಮತ್ತು ಗಾತ್ರಕ್ಕೂ ಇವುಗಳಲ್ಲಿ ಒಂದೊಂದಕ್ಕೂ ಇರುವ ಸಂಬಂಧ ಬೇರೆ ಬೇರೆ. ಕೆಲವು ಕಡೆ ನಿಮ್ಮ ಗಿರಾಕಿಗಳ ಮಾತು ಗೆಲ್ಲುತ್ತದೆ, ಕೆಲವು ಕಡೆ ಸೋಲುತ್ತದೆ.

ಅವರ ಮಾತು ಗೆಲ್ಲುವುದು ಹಳದಿಯಲ್ಲಿ. ಒಂದು ನಾಟಿ ಮೊಟ್ಟೆಯನ್ನೂ ಒಂದು ಫಾರಂ ಮೊಟ್ಟೆಯನ್ನೂ ಅಕ್ಕಪಕ್ಕದ ಎರಡು ತಟ್ಟೆಗಳಿಗೆ ಒಡೆದು ಹಾಕಿ ನೋಡಿ. ನಾಟಿ ಮೊಟ್ಟೆಯಲ್ಲಿ ಹಳದಿಯ ಗುಂಡು ಬಿಳಿಯ ನಡುವೆ ಜಾಗವನ್ನೆಲ್ಲ ತುಂಬಿಕೊಂಡಂತೆ ಕಾಣುತ್ತದೆ. ಫಾರಂ ಮೊಟ್ಟೆಯಲ್ಲಿ ಅದರ ಸುತ್ತ ಬಿಳಿ ಲೋಳೆ ಅಗಲವಾಗಿ ಹರಡಿರುತ್ತದೆ. ನಾಟಿ ಮೊಟ್ಟೆಯ ತೂಕದಲ್ಲಿ ಹಳದಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಫಾರಂ ಮೊಟ್ಟೆಯಲ್ಲಿ ಅದು ಕಾಲು ಪಾಲಿಗಿಂತ ತುಸು ಹೆಚ್ಚು. ಕೊಬ್ಬು, ‘ಎ’ ಮತ್ತು ‘ಡಿ’ ಜೀವಸತ್ವಗಳು, ಕಬ್ಬಿಣದ ಅಂಶ ಇವೆಲ್ಲ ಇರುವುದು ಹಳದಿಯಲ್ಲಿಯೇ. ನಾಟಿ ಮೊಟ್ಟೆ ‘ರುಚಿ’ ಎನ್ನಿಸುವುದಕ್ಕೂ ಹಳದಿಯ ಈ ಪಾಲೇ ದೊಡ್ಡ ಕಾರಣವೆಂದು ನಾನು ತಿಳಿದಿದ್ದೇನೆ. ಆದರೆ ಇದು ಪಾಲಿನ ಮಾತು ಎಂಬುದನ್ನು ಮರೆಯಬಾರದು. 40 ಗ್ರಾಂ ನಾಟಿ ಮೊಟ್ಟೆಯಲ್ಲಿ 13 ಗ್ರಾಂನಷ್ಟು ಹಳದಿ ಸಿಕ್ಕರೆ 55 ಗ್ರಾಂ ಮೊಟ್ಟೆಯಲ್ಲಿ 15 ಗ್ರಾಂ ದಾಟುತ್ತದೆ. ಮಗುವಿಗೆ ದಿನಕ್ಕೊಂದು ಮೊಟ್ಟೆ ಎಂದು ಎಣಿಸಿ ಕೊಡುವ ಮನೆಯಲ್ಲಿ ದಪ್ಪ ಮೊಟ್ಟೆಯೇ ಹೆಚ್ಚು ಕೊಡುತ್ತದೆ. ತೂಕ ಹಾಕಿ ಕೊಂಡರೆ ನಾಟಿಯದರಲ್ಲಿ ಹಳದಿ ಹೆಚ್ಚು ಸಿಗುತ್ತದೆ. ಪ್ರೋಟೀನಿನಲ್ಲಿ ಇಂಥ ವ್ಯತ್ಯಾಸವಿಲ್ಲ. ಚಿಪ್ಪು ಬಿಟ್ಟು ಉಳಿದ ಭಾಗದಲ್ಲಿ ಎರಡರಲ್ಲೂ ಅದು ನೂರಕ್ಕೆ ಹನ್ನೆರಡು ಹದಿಮೂರರ ಆಸುಪಾಸಿನಲ್ಲಿರುವುದರಿಂದ, ಚಿಕ್ಕ ಮೊಟ್ಟೆಯೊಂದರಲ್ಲಿ ಸುಮಾರು ನಾಲ್ಕೂವರೆ ಗ್ರಾಂ, ದೊಡ್ಡದರಲ್ಲಿ ಆರು ಗ್ರಾಂ ಎಂದು ಲೆಕ್ಕ ಹಿಡಿಯಬಹುದು.

ಬಿಳಿ ಲೋಳೆಯ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ತಾಜಾ ಮೊಟ್ಟೆಯನ್ನು ಸಮತಟ್ಟಾದ ತಟ್ಟೆಗೆ ಒಡೆದರೆ ಹಳದಿಯನ್ನು ಸುತ್ತುವರಿದು ಗಟ್ಟಿ ಲೋಳೆಯ ಒಂದು ದಿಣ್ಣೆ ನಿಲ್ಲುತ್ತದೆ. ಹಳೆಯ ಮೊಟ್ಟೆಯಲ್ಲಿ ಆ ದಿಣ್ಣೆ ಕುಸಿದು ನೀರಿನಂತೆ ಹರಿಯುತ್ತದೆ. ಆ ದಿಣ್ಣೆಯ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು ಮೊಟ್ಟೆಯ ಗುಣಕ್ಕೆ ಅಂಕ ಕೊಡುವ ಪದ್ಧತಿಯನ್ನು ಅಮೆರಿಕದ ರೇಮಂಡ್ ಹಾಘ್ 1937ರಲ್ಲಿ ರೂಪಿಸಿದರು. ಇಂದಿಗೂ ಪ್ರಪಂಚದ ಎಲ್ಲೆಡೆ ಪ್ರಯೋಗಾಲಯಗಳಲ್ಲಿ ಬಳಸುವುದು ಅದೇ ಹಾಘ್ ಯೂನಿಟ್. ನಿಮ್ಮ ಪ್ರಶ್ನೆಗೆ ಇದು ಹೊಂದುವುದು ಏಕೆಂದರೆ, ಅವರ ಸೂತ್ರದಲ್ಲಿ ಮೊಟ್ಟೆಯ ತೂಕವೂ ಸೇರಿದೆ. ದೊಡ್ಡ ಮೊಟ್ಟೆಯಲ್ಲಿ ಲೋಳೆ ಹೆಚ್ಚಿರುವುದರಿಂದ ಅದು ಸಹಜವಾಗಿಯೇ ಎತ್ತರ ನಿಲ್ಲುತ್ತದೆ, ಆದ್ದರಿಂದ ಬರೀ ಎತ್ತರ ನೋಡಿ ತೀರ್ಮಾನಿಸಿದರೆ ಚಿಕ್ಕ ಮೊಟ್ಟೆಗೆ ಅನ್ಯಾಯವಾಗುತ್ತದೆ ಎಂಬುದನ್ನು ಅವರು ಗಮನಿಸಿದ್ದರು. ಲೆಕ್ಕ ಹಾಕಿ ನೋಡಿದರೆ ಹೀಗೆ: 40 ಗ್ರಾಂ ಮೊಟ್ಟೆಯಲ್ಲಿಯೂ 60 ಗ್ರಾಂ ಮೊಟ್ಟೆಯಲ್ಲಿಯೂ ಲೋಳೆ ಸರಿಯಾಗಿ 5 ಮಿಲಿಮೀಟರ್ ನಿಂತಿದೆ ಎಂದುಕೊಳ್ಳಿ; ಚಿಕ್ಕದಕ್ಕೆ 77 ಅಂಕ ಬರುತ್ತದೆ, ದೊಡ್ಡದಕ್ಕೆ 69. ಅಮೆರಿಕದ ದರ್ಜೆಯಲ್ಲಿ 72 ಮುಟ್ಟಿದರೆ ಮೊದಲ ಸ್ಥಾನ, ಅದಕ್ಕಿಂತ ಕೆಳಗಿಳಿದರೆ ಎರಡನೆಯದು. ಒಂದೇ ಎತ್ತರದ ಲೋಳೆ ಇದ್ದರೂ ನಿಮ್ಮ ನಾಟಿ ಮೊಟ್ಟೆ ಮೊದಲ ದರ್ಜೆಗೆ ಸೇರುತ್ತದೆ, ದೊಡ್ಡದು ಸೇರುವುದಿಲ್ಲ.

ಇದನ್ನು ಓದಿ ಗಿರಾಕಿಗಳೇ ಗೆದ್ದರೆಂದು ಭಾವಿಸಬೇಡಿ, ಏಕೆಂದರೆ ಆ 5 ಮಿಲಿಮೀಟರ್ ನಾಟಿ ಮೊಟ್ಟೆಯಲ್ಲಿ ಸಂತೆಯ ದಿನದವರೆಗೆ ಉಳಿದಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮೊಟ್ಟೆ ಹೊರಬಿದ್ದ ಗಳಿಗೆಯಿಂದ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಚಿಪ್ಪಿನ ರಂಧ್ರಗಳ ಮೂಲಕ ಹೊರಹೋಗುತ್ತಿರುತ್ತದೆ, ಲೋಳೆಯ ಕ್ಷಾರಗುಣ ಏರುತ್ತದೆ, ಅದರ ಬಿಗಿ ಸಡಿಲವಾಗುತ್ತದೆ. ಇದರ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಶಾಖ. ಫಾರಂನಲ್ಲಿ ಮೊಟ್ಟೆ ಉರುಳಿ ಹೊರಬಂದ ದಿನವೇ ಎತ್ತುತ್ತಾರೆ. ನಮ್ಮ ಹೇಂಟೆ ಬಣವೆಯ ಸಂದಿಯಲ್ಲಿಯೋ ಸೌದೆಯ ಒಟ್ಟಿಲಿನ ಹಿಂದೆಯೋ ಕದ್ದು ಇಟ್ಟು, ನಾವು ಮೂರು ದಿನದ ಮೇಲೆ ಕಂಡುಹಿಡಿದು, ಮತ್ತೆ ನಾಲ್ಕು ದಿನ ಸಂತೆಗಾಗಿ ಕಾದು, ಕೊನೆಗೆ ಬಿಸಿಲಲ್ಲಿ ಬುಟ್ಟಿಯಲ್ಲಿಟ್ಟು ಮಾರಿದರೆ ಆ ಮೊಟ್ಟೆಯ ಲೋಳೆ ನೀರಾಗದೆ ಇನ್ನೇನಾದೀತು? ಚಿಕ್ಕ ಮೊಟ್ಟೆಗೆ ಇಲ್ಲಿ ಇನ್ನೊಂದು ಅನನುಕೂಲವೂ ಇದೆ. ಚಿಕ್ಕ ವಸ್ತುವಿಗೆ ತನ್ನ ತೂಕಕ್ಕೆ ಹೋಲಿಸಿದರೆ ಮೈ ಹೆಚ್ಚು. 40 ಗ್ರಾಂ ಮೊಟ್ಟೆಗೆ 55 ಗ್ರಾಂ ಮೊಟ್ಟೆಗಿಂತ ಗ್ರಾಂ ಒಂದಕ್ಕೆ ಹತ್ತನೇ ಒಂದು ಪಾಲಿನಷ್ಟು ಹೆಚ್ಚು ಚಿಪ್ಪಿನ ಮೇಲ್ಮೈ ಇರುತ್ತದೆ. ಚಿಪ್ಪು ಒಂದೇ ಬಗೆಯದಾಗಿದ್ದರೆ ಚಿಕ್ಕದೇ ಬೇಗ ಒಣಗುತ್ತದೆ. ಹೀಗಾಗಿ ಇಂದು ಬೆಳಿಗ್ಗೆ ಎತ್ತಿದ ಸ್ವರ್ಣಧಾರಾ ಮೊಟ್ಟೆ ಕಳೆದ ವಾರದ ನಾಟಿ ಮೊಟ್ಟೆಗಿಂತ ಲೋಳೆಯ ಗುಣದಲ್ಲಿ ಮೇಲೆಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳಬಹುದು.

ಚಿಪ್ಪಿನ ವಿಷಯದಲ್ಲಿ ಕೋಳಿಯ ವಯಸ್ಸನ್ನು ನೋಡಬೇಕು. ಹೇಂಟೆ ಒಂದು ಮೊಟ್ಟೆಯನ್ನು ಪೂರ್ಣಗೊಳಿಸಲು ತೆಗೆದುಕೊಳ್ಳುವ 24ರಿಂದ 26 ಗಂಟೆಗಳಲ್ಲಿ ಸುಮಾರು 20 ಗಂಟೆ ಬರೀ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಆ ಚಿಪ್ಪಿಗೆ ಸುಮಾರು 2 ಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಬೇಕು. ವಯಸ್ಸಾದಂತೆ ಮೊಟ್ಟೆ ದಪ್ಪವಾಗುತ್ತದೆ, ಆದರೆ ಹೇಂಟೆ ಒದಗಿಸುವ ಸುಣ್ಣ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಅಷ್ಟೇ ಹಿಟ್ಟಿನಲ್ಲಿ ಅಗಲವಾದ ರೊಟ್ಟಿ ತಟ್ಟಿದರೆ ತೆಳ್ಳಗಾಗುವಂತೆ ಚಿಪ್ಪೂ ತೆಳ್ಳಗಾಗುತ್ತದೆ. ಒಂದೇ ಹೇಂಟೆಯ ಮೊದಲ ವರ್ಷದ ಚಿಕ್ಕ ಮೊಟ್ಟೆಗಳು ಮೂರನೇ ವರ್ಷದ ದಪ್ಪ ಮೊಟ್ಟೆಗಳಿಗಿಂತ ಗಟ್ಟಿಯಾಗಿರುವುದು ಇದೇ ಕಾರಣಕ್ಕೆ. ಒಂದೇ ಕೋಳಿಯ ಅಥವಾ ಒಂದೇ ತಳಿಯ ಒಳಗೆ ‘ಚಿಕ್ಕದು ಗಟ್ಟಿ’ ಎಂಬ ಮಾತು ಬಹುಮಟ್ಟಿಗೆ ನಿಲ್ಲುತ್ತದೆ. ತಳಿ ಬದಲಾದರೆ ನಿಲ್ಲಬೇಕೆಂದೇನೂ ಇಲ್ಲ.

ಆದ್ದರಿಂದ ನನ್ನ ಸಲಹೆ: ಎರಡನ್ನೂ ಒಂದೇ ಬುಟ್ಟಿಯಲ್ಲಿ ಬೆರೆಸಬೇಡಿ. ನಾಟಿಯದನ್ನು ಒಂದು ಬುಟ್ಟಿಯಲ್ಲಿ, ಸ್ವರ್ಣಧಾರಾದ್ದನ್ನು ಇನ್ನೊಂದರಲ್ಲಿ ಇಟ್ಟು, ಎರಡೂ ಅಂಗಳದಲ್ಲಿ ಮೇಯ್ದ ಕೋಳಿಗಳದ್ದೇ ಎಂದು ಹೇಳಿ ಮಾರಿ. ಅಗ್‌ಮಾರ್ಕ್ ದರ್ಜೆಯ ಪ್ರಕಾರ 38ರಿಂದ 44 ಗ್ರಾಂ ಚಿಕ್ಕದು, 45ರಿಂದ 52 ಮಧ್ಯಮ, 53ರಿಂದ 59 ದೊಡ್ಡದು, 60ರ ಮೇಲೆ ಅತಿ ದೊಡ್ಡದು. ಗಾತ್ರದ ಈ ವಿಂಗಡಣೆಯಲ್ಲಿ ಚಿಕ್ಕದು ಕೀಳು ಎಂಬ ಅರ್ಥವಿಲ್ಲ, ದೊಡ್ಡದು ಸತ್ವಹೀನ ಎಂಬ ಅರ್ಥವೂ ಇಲ್ಲ. ಮೊಟ್ಟೆ ಎತ್ತಿದ ದಿನವನ್ನು ಸೀಸದಕಡ್ಡಿಯಿಂದ ಚಿಪ್ಪಿನ ಮೇಲೆ ಬರೆದು ಒಯ್ಯುವ ಅಭ್ಯಾಸ ಮಾಡಿಕೊಂಡರೆ, ನಾಲ್ಕೈದು ಸಂತೆ ಕಳೆಯುವಷ್ಟರಲ್ಲಿ ಗಿರಾಕಿಗಳು ಗಾತ್ರ ಬಿಟ್ಟು ತಾರೀಕು ನೋಡತೊಡಗುತ್ತಾರೆ.

ಪ್ರಶ್ನೆ: ನಮ್ಮಲ್ಲಿ ಜವಾರಿ ಕೋಳಿಯ ತತ್ತಿಗಳನ್ನು ಕಾವಿಗೆ ಇಡುವಾಗ ಅವ್ವ ಚೂಪು ತುದಿಯ ತತ್ತಿ ಇಟ್ಟರೆ ಹುಂಜ, ದುಂಡನೆಯದಿಟ್ಟರೆ ಹೇಂಟೆ ಹುಟ್ಟುತ್ತದೆ ಎನ್ನುತ್ತಾರೆ. ನಾನು ದೊಡ್ಡ ತತ್ತಿಗಳಿಂದ ದೊಡ್ಡ ಮರಿ ಬರುತ್ತದೆಂದು ದೊಡ್ಡವನ್ನೇ ಆರಿಸಿ ಇಡುತ್ತೇನೆ. ಹದಿನೈದು ಇಟ್ಟರೆ ಏಳೆಂಟೇ ಮರಿ ಆಗುತ್ತಿವೆ. ತಪ್ಪು ಎಲ್ಲಿದೆ?
ಓದುಗರು, ಬ್ಯಾಡಗಿ ತಾಲ್ಲೂಕು

ಉತ್ತರ: ಅವ್ವನವರ ಮಾತನ್ನು ರಾಜ್ಯದ ಎಲ್ಲ ಕಡೆಯೂ ಕೇಳಿದ್ದೇನೆ, ಕೆಲವು ಊರುಗಳಲ್ಲಿ ಅದನ್ನೇ ತಿರುಗಿಸಿ ದುಂಡನೆಯದು ಹುಂಜ ಎನ್ನುವವರೂ ಇದ್ದಾರೆ. ಹುಟ್ಟುವುದು ಹೇಗಿದ್ದರೂ ಅರ್ಧ ಹುಂಜ, ಅರ್ಧ ಹೇಂಟೆಯಾದ್ದರಿಂದ ಇಬ್ಬರ ಮಾತೂ ಅರ್ಧ ನಿಜವಾಗುತ್ತದೆ. ಮನುಷ್ಯರಲ್ಲಿ ಮಗುವಿನ ಲಿಂಗವನ್ನು ತಂದೆಯ ಕಡೆಯ ವರ್ಣತಂತು ನಿರ್ಧರಿಸಿದರೆ ಕೋಳಿಯಲ್ಲಿ ಅದು ತಾಯಿಯ ಕಡೆಯಿಂದ ಬರುತ್ತದೆ, ಮತ್ತು ಆ ತೀರ್ಮಾನ ಚಿಪ್ಪು ಕಟ್ಟುವುದಕ್ಕೆ ಬಹಳ ಮೊದಲೇ ಆಗಿಹೋಗಿರುತ್ತದೆ. ಚಿಪ್ಪಿನ ಆಕಾರಕ್ಕೆ ಅದರ ಸುದ್ದಿ ಗೊತ್ತಿರುವುದಿಲ್ಲ.

ದೊಡ್ಡ ತತ್ತಿಯಿಂದ ದೊಡ್ಡ ಮರಿ ಎಂಬುದು ಮಾತ್ರ ಸರಿ. ಮರಿಯ ತೂಕ ತತ್ತಿಯ ತೂಕದ ಮೂರನೇ ಎರಡು ಭಾಗಕ್ಕಿಂತ ತುಸು ಹೆಚ್ಚಿರುತ್ತದೆ. 40 ಗ್ರಾಂ ತತ್ತಿಯಿಂದ 27 ಗ್ರಾಂ ಮರಿ, 50 ಗ್ರಾಂನದರಿಂದ 34 ಗ್ರಾಂ ಮರಿ. ತೀರ ಚಿಕ್ಕ ಮರಿ ಮೊದಲ ವಾರದ ಚಳಿಯನ್ನು ತಾಳಲಾರದು ಎಂಬುದೂ ನಿಜ. ಆದರೆ ದೊಡ್ಡದೆಲ್ಲ ಮರಿಯಾಗುವುದಿಲ್ಲ, ಮತ್ತು ನಿಮ್ಮ ತೊಂದರೆಯ ಮೂಲ ಅಲ್ಲಿಯೇ ಇರಬಹುದು. ನಿಮ್ಮ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡ ತತ್ತಿ ಇಡುವವು ಸಾಮಾನ್ಯವಾಗಿ ಎಲ್ಲಕ್ಕಿಂತ ಹಳೆಯ ಹೇಂಟೆಗಳು. ಅವುಗಳ ಚಿಪ್ಪು ತೆಳು, ಫಲವಂತಿಕೆಯೂ ಇಳಿಮುಖ. ಇನ್ನು ಕೆಲವು ದೊಡ್ಡ ತತ್ತಿಗಳು ಎರಡು ಹಳದಿಯವು. ಅವುಗಳಿಂದ ಮರಿ ಹೊರಬರುವುದು ಅಪರೂಪಕ್ಕೂ ಅಪರೂಪ. ಈಗಷ್ಟೇ ತತ್ತಿ ಇಡಲು ತೊಡಗಿದ ಎಳೆ ಹೇಂಟೆಯ 25–30 ಗ್ರಾಂ ತತ್ತಿಗಳೂ ಬೇಡ. ಆರಿಸಬೇಕಾದದ್ದು ನಡುವಿನವು: ನಿಮ್ಮ ಜವಾರಿ ತತ್ತಿಗಳನ್ನು ಒಂದು ವಾರ ತೂಗಿ ನೋಡಿ, ಹೆಚ್ಚಿನವು ಯಾವ ತೂಕದ ಸುತ್ತ ಇವೆಯೋ ಆ ತೂಕದವನ್ನೇ ಇಡಿ. ಅಕ್ಕಸಾಲಿಗರ ತಕ್ಕಡಿಯೇ ಬೇಕೆಂದಿಲ್ಲ, ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಆಕಾರದಲ್ಲಿ ಅಗಲವು ಉದ್ದದ ಮುಕ್ಕಾಲು ಭಾಗದಷ್ಟಿದ್ದರೆ ಒಳ್ಳೆಯದು. ಚೆಂಡಿನಂತೆ ದುಂಡಗಿರುವುದು, ಬದನೆಕಾಯಿಯಂತೆ ಉದ್ದವಾಗಿರುವುದು, ಚಿಪ್ಪಿನ ಮೇಲೆ ಸುಕ್ಕು ಅಥವಾ ಹರಳುಗಟ್ಟಿದಂತಿರುವುದು ಅಡುಗೆಗೆ ಹೋಗಲಿ.

ಒಂದೇ ಹೇಂಟೆಯ ಕೆಳಗೆ ಬೇರೆ ಬೇರೆ ಗಾತ್ರದವನ್ನು ಬೆರೆಸಿ ಇಡಲೂಬಾರದು, ಅದಕ್ಕೆ ಕಾರಣವಿದೆ. ಕಾವಿನ 21 ದಿನಗಳಲ್ಲಿ ತತ್ತಿ ತನ್ನ ತೂಕದ ಸುಮಾರು ನೂರಕ್ಕೆ 12ರಷ್ಟು ನೀರನ್ನು ಆವಿಯಾಗಿ ಕಳೆದುಕೊಳ್ಳಬೇಕು. ಮೊಂಡು ತುದಿಯಲ್ಲಿ ಗಾಳಿಯ ಗೂಡು ಬೆಳೆದು ಮರಿ ಮೊದಲ ಉಸಿರು ಎಳೆಯುವುದಕ್ಕೆ ಅದು ಅಗತ್ಯ. ಚಿಕ್ಕ ತತ್ತಿ ಹೆಚ್ಚು ಕಳೆದುಕೊಂಡು ಮರಿ ಚಿಪ್ಪಿಗೆ ಅಂಟಿಕೊಳ್ಳಬಹುದು, ದೊಡ್ಡದು ಕಡಿಮೆ ಕಳೆದುಕೊಂಡು ಮರಿ ಊದಿಕೊಂಡು ಚಿಪ್ಪನ್ನು ಒಡೆಯಲಾಗದೆ ಒಳಗೇ ಉಳಿಯಬಹುದು. ಜೊತೆಗೆ ಚಿಕ್ಕವು ಕೆಲವು ಗಂಟೆ ಮುಂಚೆ ಒಡೆಯುತ್ತವೆ, ದೊಡ್ಡವು ತಡವಾಗುತ್ತವೆ. ಮೊದಲ ಮರಿಗಳು ಚಿಲಿಪಿಲಿ ಎಂದು ಓಡಾಡಲು ತೊಡಗಿದ ಮೇಲೆ ತಾಯಿ ಎಷ್ಟು ಹೊತ್ತು ಗೂಡಿನಲ್ಲಿ ಕುಳಿತಾಳು? ಅವಳು ಎದ್ದು ಹೊರಟರೆ ಹಿಂದುಳಿದವು ತಣ್ಣಗಾಗಿ ಸಾಯುತ್ತವೆ.

ಹದಿನೈದು ಎಂಬ ಸಂಖ್ಯೆಯೂ ಹೆಚ್ಚಾಯಿತು. ಜವಾರಿ ಹೇಂಟೆಯ ಮೈಗೆ ತನ್ನದೇ ಗಾತ್ರದ ಹತ್ತು ಹನ್ನೆರಡು ತತ್ತಿಗಳು ಸರಿ. ಗಿರಿರಾಜದಂಥ ದೊಡ್ಡ ತತ್ತಿಗಳಾದರೆ ಎಂಟು ಒಂಬತ್ತು. ಅಂಚಿನಲ್ಲಿ ಉಳಿದವು ದಿನಕ್ಕೊಂದರಂತೆ ಸರದಿಯಲ್ಲಿ ತಣ್ಣಗಾಗುತ್ತ ಎಲ್ಲವೂ ಕೆಡುವುದುಂಟು. ಏಳು ದಿನಕ್ಕಿಂತ ಹಳೆಯ ತತ್ತಿ ಕಾವಿಗೆ ಬೇಡ. ಕಾಯ್ದಿಡುವಾಗ ಚೂಪು ತುದಿ ಕೆಳಗಿರಲಿ, ತೊಳೆಯುವುದು ಬೇಡ. ನಮ್ಮ ಮನೆಯಲ್ಲಿ ಕಾವಿನ ಮೊಟ್ಟೆಗಳನ್ನು ರಾಗಿಯ ಡಬ್ಬದೊಳಗೆ ಹೂತಿಡುತ್ತಿದ್ದರು. ಹಗಲು ರಾತ್ರಿಯ ಬಿಸಿ ತಂಪಿನ ಏರಿಳಿತ ಅದರೊಳಗೆ ತಟ್ಟುವುದಿಲ್ಲವಾದ್ದರಿಂದ ಅದು ಬುದ್ಧಿವಂತಿಕೆಯ ಕೆಲಸವೇ. ಒದ್ದೆ ಮರಳಿನಲ್ಲಿ ಅರ್ಧ ಹೂತ ಮಣ್ಣಿನ ಮಡಕೆ ಅದಕ್ಕಿಂತಲೂ ತಂಪು. ಏಳನೇ ದಿನ ರಾತ್ರಿ ಮೊಬೈಲಿನ ಬೆಳಕಿಗೆ ತತ್ತಿಯ ಮೊಂಡು ತುದಿಯನ್ನು ಹಿಡಿದು ನೋಡಿ: ಜೇಡನ ಕಾಲುಗಳಂತೆ ಕೆಂಪು ನರಗಳು ಹರಡಿದ್ದರೆ ಜೀವವಿದೆ, ಒಳಗೆಲ್ಲ ಒಂದೇ ಸಮ ತಿಳಿಯಾಗಿದ್ದರೆ ಅದು ಗೊಡ್ಡು. ಗೊಡ್ಡುಗಳೇ ಹೆಚ್ಚಿದ್ದರೆ ದೋಷ ತತ್ತಿಯ ಗಾತ್ರದ್ದಲ್ಲ, ಬಹುಮಟ್ಟಿಗೆ ಹುಂಜದ್ದು. ಎಂಟು ಹತ್ತು ಹೇಂಟೆಗಳಿಗೆ ಗಟ್ಟಿಮುಟ್ಟಾದ ಒಂದು ಹುಂಜವಾದರೂ ಬೇಕು.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ತತ್ತಿಯ ತೂಕ ತಾಯಿಯಿಂದ ಮಗಳಿಗೆ ಬಲವಾಗಿ ಇಳಿದುಬರುವ ಗುಣ. ದೊಡ್ಡದನ್ನೆಲ್ಲ ಮಾರಿ, ಮಾರಾಟವಾಗದ ಪುಟ್ಟವನ್ನು ಕಾವಿಗಿಡುವ ಮನೆಗಳಲ್ಲಿ ಮೂರು ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಇಡೀ ಗುಂಪಿನ ತತ್ತಿ ಕಿರಿದಾಗುತ್ತದೆ. ನೀವು ದೊಡ್ಡದನ್ನು ಆರಿಸಿದ ಉದ್ದೇಶ ಒಳ್ಳೆಯದೇ. ಆದರೆ ತೂಕವನ್ನೇ ಬೆನ್ನುಹತ್ತಿದರೆ ತತ್ತಿಗಳ ಸಂಖ್ಯೆ ಇಳಿಯತೊಡಗುತ್ತದೆ, ಏಕೆಂದರೆ ಈ ಎರಡು ಗುಣಗಳು ಒಂದು ಏರಿದರೆ ಇನ್ನೊಂದು ಇಳಿಯುವ ತಕ್ಕಡಿಯ ತಟ್ಟೆಗಳಿದ್ದಂತೆ. ಹೆಚ್ಚು ತತ್ತಿ ಇಡುವ, ಕಾವು ಚೆನ್ನಾಗಿ ಕೂರುವ, ಮಧ್ಯವಯಸ್ಸಿನ ಹೇಂಟೆಯ ನಡುಗಾತ್ರದ ತತ್ತಿಗಳೇ ನಿಮ್ಮ ಮುಂದಿನ ಗುಂಪಿಗೆ ಬೀಜವಾಗಲಿ.

ಪ್ರಶ್ನೆ: ಮಾರ್ಚ್ ಕಳೆದರೆ ನಮ್ಮ ಕೋಳಿಗಳ ತತ್ತಿ ಸಣ್ಣದಾಗುತ್ತದೆ, ಸಿಪ್ಪೆಯೂ ಮುಟ್ಟಿದರೆ ಒಡೆಯುತ್ತದೆ. ನೀವೇ ಹೇಳುವಂತೆ ಸಣ್ಣ ತತ್ತಿ ಗಟ್ಟಿ ಇರಬೇಕಲ್ಲವೇ?
ಓದುಗರು, ಲಿಂಗಸುಗೂರು ತಾಲ್ಲೂಕು

ಉತ್ತರ: ಬೇಸಿಗೆಯಲ್ಲಿ ಆ ನಿಯಮ ಮುರಿಯುತ್ತದೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ರಾಯಚೂರಿನ ಬಿಸಿಲಿನಲ್ಲಿ ಅದು ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಹಾಗೆ ಏದುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತದೆ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಅರ್ಧ ಕಚ್ಚಾ ಸಾಮಗ್ರಿಯೇ ಗಾಳಿಗೆ ಹೋದಂತಾಗಿ ಚಿಪ್ಪು ತೆಳ್ಳಗಾಗುತ್ತದೆ. ಇತ್ತ ಸೆಕೆಗೆ ಮೇವು ಬೇಡವಾಗಿ, ಹೊಟ್ಟೆಗೆ ಬೀಳುವ ಪ್ರೋಟೀನ್ ಕಡಿಮೆಯಾಗಿ ತತ್ತಿ ಕಿರಿದಾಗುತ್ತದೆ. ಎರಡು ಬೇರೆ ಕಾರಣಗಳು ಒಟ್ಟಿಗೆ ಬಂದು ಸಣ್ಣದೂ ಹೌದು, ಮೆತ್ತಗೂ ಹೌದು ಎಂಬ ತತ್ತಿ ನಿಮ್ಮ ಕೈಗೆ ಬರುತ್ತದೆ.

ಮಣ್ಣಿನ ಪಾತ್ರೆಯಲ್ಲಿ ನೆರಳಿನಲ್ಲಿ ನೀರಿಟ್ಟು ಮಧ್ಯಾಹ್ನ ಒಮ್ಮೆ ಬದಲಿಸಿ. ಕಾಳನ್ನು ಬೆಳಗಿನ ಜಾವ ಮತ್ತು ಸಂಜೆ ಹಾಕಿ, ನಡುಹಗಲು ಹಾಕಿದ್ದು ವ್ಯರ್ಥ. ಗೆದ್ದಲು, ನೀರಿನ ಮೇಲೆ ಬೆಳೆಯುವ ಅಜೋಲಾ ಸಸ್ಯ, ಶೇಂಗಾ ಹಿಂಡಿಯ ಚೂರು ಸಿಕ್ಕಷ್ಟು ಕೊಡಿ. ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಮಾತ್ರ ಕೊಡಲೇಬೇಡಿ, ಅದು ವಿಷ. ಕುಟ್ಟಿದ ಕಪ್ಪೆಚಿಪ್ಪು ಅಥವಾ ಚೆನ್ನಾಗಿ ಒಣಗಿಸಿ ಹುರಿದು ಪುಡಿ ಮಾಡಿದ ತತ್ತಿಯ ಸಿಪ್ಪೆಯನ್ನು ಸಂಜೆ ಇಡಿ, ಏಕೆಂದರೆ ಚಿಪ್ಪಿನ ಹೆಚ್ಚಿನ ಭಾಗ ಕಟ್ಟುವುದು ರಾತ್ರಿ ಕೋಳಿ ಮಲಗಿರುವಾಗ. ಮಳೆ ಬಿದ್ದು ತಂಪಾದ ಮೇಲೂ ಸಿಪ್ಪೆ ಸುಧಾರಿಸದಿದ್ದರೆ, ಅಥವಾ ತತ್ತಿ ಸೊಟ್ಟಗಾಗಿ ಲೋಳೆ ನೀರಾಗಿ ಕೋಳಿಗಳು ಗೊರಗೊರ ಉಸಿರಾಡುತ್ತಿದ್ದರೆ ಅದು ರೋಗದ ಲಕ್ಷಣ. ಪಶುವೈದ್ಯರಿಗೆ ತೋರಿಸಿ, ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ಊರಕೋಳಿಯ ಮೊಟ್ಟೆಯ ಹಳದಿ ಮಳೆಗಾಲದಲ್ಲಿ ಕಿತ್ತಳೆ ಬಣ್ಣ, ಬೇಸಿಗೆಯಲ್ಲಿ ಪೇಲವ. ಕೆಲವೊಮ್ಮೆ ಒಡೆದಾಗ ಹಳದಿಯ ಮೇಲೆ ರಕ್ತದ ಚುಕ್ಕೆ ಕಾಣುತ್ತದೆ. ಇದು ಮರಿಯಾಗಲು ಹೊರಟ ಮೊಟ್ಟೆಯೇ?
ಓದುಗರು, ಪುತ್ತೂರು ತಾಲ್ಲೂಕು

ಉತ್ತರ: ಬಣ್ಣ ಹಸಿರು ಮೇವಿನಿಂದ ಬರುತ್ತದೆ. ತೋಟದಲ್ಲಿ ಹುಲ್ಲು ಚಿಗುರಿದಾಗ ಹಳದಿ ಗಾಢ, ಹುಲ್ಲು ಒಣಗಿ ಅಕ್ಕಿ ನುಚ್ಚೇ ಗತಿಯಾದಾಗ ಪೇಲವ. ಹಳದಿ ಮುಸುಕಿನ ಜೋಳವೂ ನುಗ್ಗೆ ಸೊಪ್ಪೂ ಬಣ್ಣ ಕೊಡುತ್ತವೆ. ಗುಂಡ್ಲುಪೇಟೆ ಕಡೆಯ ಹೊಲಗಳ ಚೆಂಡುಹೂವು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಚೆಂಡುಹೂವಿನಿಂದ ತೆಗೆದ ಬಣ್ಣವನ್ನು ಕೋಳಿ ಆಹಾರಕ್ಕೂ ಬೆರೆಸುತ್ತಾರೆ. ಆದ್ದರಿಂದ ಗಾಢ ಹಳದಿ ಕಂಡಾಕ್ಷಣ ಅಂಗಳದ ಕೋಳಿಯೆಂದು ನಂಬುವಂತಿಲ್ಲ. ರಕ್ತದ ಚುಕ್ಕೆಗೂ ಮರಿಗೂ ಸಂಬಂಧವಿಲ್ಲ. ಹಳದಿ ಅಂಡಾಶಯದಿಂದ ಕಳಚಿಕೊಳ್ಳುವಾಗ ಸಣ್ಣ ರಕ್ತನಾಳವೊಂದು ಹರಿದರೆ ಆ ಚುಕ್ಕೆ ಉಳಿಯುತ್ತದೆ. ಹುಂಜವೇ ಇಲ್ಲದ ಮನೆಯ ಮೊಟ್ಟೆಯಲ್ಲಿಯೂ ಅದು ಇರುತ್ತದೆ. ಚಾಕುವಿನ ತುದಿಯಿಂದ ತೆಗೆದು ಉಳಿದದ್ದನ್ನು ಬಳಸಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ನಾಟಿ ಮೊಟ್ಟೆಯೆಂದು ಫಾರಂ ಮೊಟ್ಟೆಯ ಎರಡರಷ್ಟು ಬೆಲೆ ಕೊಟ್ಟು ಕೊಳ್ಳುತ್ತಿದ್ದೇವೆ. ಚಿಕ್ಕದಾಗಿ ಕಂದು ಬಣ್ಣದಲ್ಲಿದ್ದರೆ ನಾಟಿ ಎಂದು ಅಂಗಡಿಯವರು ಹೇಳುತ್ತಾರೆ. ಮನೆಯಲ್ಲಿ ಪರೀಕ್ಷಿಸುವ ವಿಧಾನವಿದೆಯೇ? ಕೊಟ್ಟ ಹಣಕ್ಕೆ ತಕ್ಕ ಸತ್ವ ಸಿಗುತ್ತಿದೆಯೇ?
ಓದುಗರು, ಬೆಂಗಳೂರು

ಉತ್ತರ: ಕಂದು ಬಣ್ಣ ತಳಿಯಿಂದ ಬರುತ್ತದೆ, ಪಂಜರದಲ್ಲಿ ಸಾಕುವ ಕಂದು ಮೊಟ್ಟೆಯ ತಳಿಗಳೂ ಇವೆ, ತಿಳಿ ಬಣ್ಣದ ಮೊಟ್ಟೆ ಇಡುವ ನಾಟಿ ಹೇಂಟೆಗಳೂ ಇವೆ. ಚಿಕ್ಕ ಗಾತ್ರವೂ ಸಾಕ್ಷಿಯಲ್ಲ, ಏಕೆಂದರೆ ಫಾರಂ ಕೋಳಿ ಮೊಟ್ಟೆ ಇಡಲು ತೊಡಗಿದ ಮೊದಲ ವಾರಗಳ ಮೊಟ್ಟೆಗಳೂ ನಾಟಿಯಷ್ಟೇ ಇರುತ್ತವೆ. ಒಂದು ಸಣ್ಣ ಸುಳಿವು ಮಾತ್ರ ಹೇಳಬಲ್ಲೆ: ನಿಜವಾದ ಹಳ್ಳಿಯ ಬುಟ್ಟಿಯಲ್ಲಿ ಹತ್ತು ಮೊಟ್ಟೆ ಹತ್ತು ಬಗೆ ಇರುತ್ತದೆ. ಒಂದು ಕೆನೆ ಬಣ್ಣ, ಒಂದು ತಿಳಿಗಂದು, ಒಂದು ಗುಂಡಗೆ, ಇನ್ನೊಂದು ಕೊಂಚ ನೀಳ. ಎಲ್ಲವೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಬಣ್ಣ, ಒಂದೇ ಗಾತ್ರವಿದ್ದರೆ ಅವು ಒಂದೇ ವಯಸ್ಸಿನ, ಒಂದೇ ತಳಿಯ ದೊಡ್ಡ ಹಿಂಡಿನಿಂದ ಬಂದಿರುವ ಸಾಧ್ಯತೆ ಹೆಚ್ಚು.

ಬೆಲೆಯನ್ನು ತೂಕಕ್ಕೆ ಇಳಿಸಿ ನೋಡಿ. ಎರಡರಷ್ಟು ಬೆಲೆಗೆ 55 ಗ್ರಾಂ ಬದಲು 40 ಗ್ರಾಂ ಕೊಂಡರೆ ಗ್ರಾಂ ಒಂದಕ್ಕೆ ನೀವು ಕೊಡುತ್ತಿರುವುದು ಎರಡೂ ಮುಕ್ಕಾಲು ಪಟ್ಟು. ಪ್ರೋಟೀನಿಗಾಗಿ ಮಾತ್ರ ಕೊಳ್ಳುವವರಿಗೆ ಇದು ನಷ್ಟದ ವ್ಯಾಪಾರ. ಹಳದಿಯ ಪಾಲು ಹೆಚ್ಚೆಂಬುದು ನಿಜವಾದರೂ ಅದೂ ಎರಡೂ ಮುಕ್ಕಾಲು ಪಟ್ಟು ಹೆಚ್ಚಿಲ್ಲ. ರುಚಿಗಾಗಿ, ಬಯಲಲ್ಲಿ ಮೇಯುವ ಕೋಳಿಯ ಮೊಟ್ಟೆಯೇ ಬೇಕೆಂಬ ಇಷ್ಟಕ್ಕಾಗಿ, ಸಾಕುವ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಸೇರಲೆಂಬ ಕಾರಣಕ್ಕಾಗಿ ಕೊಳ್ಳುವುದಾದರೆ ಅದು ಸರಿಯಾದ ವ್ಯಾಪಾರವೇ. ನಮ್ಮ ಮನೆಯಲ್ಲಿಯೂ ಹಾಗೆಯೇ ಕೊಳ್ಳುತ್ತೇವೆ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ತಾಜಾತನದ್ದು. ಆಳವಾದ ಪಾತ್ರೆಯಲ್ಲಿ ತಣ್ಣೀರು ತುಂಬಿ ಮೊಟ್ಟೆಯನ್ನು ಮೆಲ್ಲನೆ ಬಿಡಿ. ತಳದಲ್ಲಿ ಅಡ್ಡಲಾಗಿ ಮಲಗಿದರೆ ಹೊಸದು. ಮೊಂಡು ತುದಿ ಮೇಲೆತ್ತಿ ಓರೆಯಾಗಿ ನಿಂತರೆ ಒಂದು ವಾರದ ಆಸುಪಾಸಿನದು, ನೆಟ್ಟಗೆ ನಿಂತರೆ ಅದಕ್ಕೂ ಹಳೆಯದು. ಅಂಥದ್ದನ್ನು ಬೇಯಿಸಿ ಬೇಗ ಮುಗಿಸಿ. ತೇಲಿದ್ದನ್ನು ಒಡೆಯದೆ ಎಸೆಯಿರಿ. ನೀರಿಗೆ ಹಾಕಿದ ಮೊಟ್ಟೆಯ ಮೇಲಿನ ರಕ್ಷಣೆಯ ತೆಳು ಪೊರೆ ಸಡಿಲವಾಗುವುದರಿಂದ ಪರೀಕ್ಷೆಗೆ ಒಳಪಟ್ಟದ್ದನ್ನು ಮತ್ತೆ ಬುಟ್ಟಿಗೆ ಸೇರಿಸಬೇಡಿ, ಅಂದೇ ಬಳಸಿ. ಒಂದು ಡಜನ್ ಕೊಂಡಾಗ ಎರಡನ್ನು ಹೀಗೆ ನೋಡಿದರೆ ಉಳಿದ ಹತ್ತರ ವಯಸ್ಸು ಬಹುಮಟ್ಟಿಗೆ ತಿಳಿಯುತ್ತದೆ. ಉಳಿದವನ್ನು ತೊಳೆಯದೆ, ಚೂಪು ತುದಿ ಕೆಳಗೆ ಬರುವಂತೆ ಫ್ರಿಜ್‌ನ ಒಳಭಾಗದಲ್ಲಿ ಇಡಿ. ಬಾಗಿಲಿನ ತಟ್ಟೆಯಲ್ಲಿ ಇಟ್ಟದ್ದು ಪ್ರತಿ ಸಲ ತೆರೆದಾಗಲೂ ಅಲುಗಾಡಿ ಬೆಚ್ಚಗಾಗುತ್ತದೆ.